ಗೋಡೆಯ ಮೇಲಿದ್ದ ಎರಡು ಪದ

2016ರ ಏಪ್ರಿಲ್ ತಿಂಗಳ ಒಂದು ಬುಧವಾರ, ನಾನು ವಿಜಯಪುರದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ತೆಗೆದ ಫೋಟೋ ನಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಮೂರು ಕಾಲಂ ಅಗಲಕ್ಕೆ ಅಚ್ಚಾಯಿತು. ಚಿತ್ರದಲ್ಲಿ ಇಪ್ಪತ್ತೊಂದು ವರ್ಷದ ಯುವತಿಯೊಬ್ಬಳು ಸಲೈನ್ ಹಚ್ಚಿಸಿಕೊಂಡು ಕಣ್ಣು ಮುಚ್ಚಿ ಮಲಗಿದ್ದಳು. ಶನಿವಾರದ ಹೊತ್ತಿಗೆ ಆಕೆಗೆ ನಿಶ್ಚಯವಾಗಿದ್ದ ಮದುವೆ ಮುರಿದು ಬೀಳುವ ಹಂತಕ್ಕೆ ಬಂದಿತ್ತು.

ನಾನು ಮೂವತ್ತೊಂದು ವರ್ಷ ಪತ್ರಿಕಾ ಛಾಯಾಗ್ರಾಹಕನಾಗಿದ್ದೆ. ನಿವೃತ್ತನಾಗಿ ಕೆಲವು ವರ್ಷಗಳಾದವು. ಜಲನಗರದ ಮನೆಗೆ ಈಗಲೂ ಹೊಸಬರು ಬರುತ್ತಾರೆ. ಕೆಲವರು ಪತ್ರಿಕೆಯವರು, ಹೆಚ್ಚಿನವರು ಮೊಬೈಲಿನಲ್ಲೇ ಸ್ವಂತ ಚಾನೆಲ್ ನಡೆಸುವವರು. ಯಾವ ಲೆನ್ಸ್ ಒಳ್ಳೆಯದು ಎಂದು ಕೇಳುತ್ತಾರೆ. ಆಸ್ಪತ್ರೆಯೊಳಗೆ ಕ್ಯಾಮೆರಾ ಹಿಡಿದು ಹೇಗೆ ಹೋಗಬೇಕು ಎಂದು ಯಾರೂ ಕೇಳಿಲ್ಲ. ಕೇಳದಿದ್ದರೂ ಬರೆದಿಡುತ್ತಿದ್ದೇನೆ. ಹೆಸರುಗಳನ್ನು ಬದಲಿಸಿದ್ದೇನೆ. ಇಲ್ಲಿ ಶೈಲಾ ಎಂದು ಕರೆದಿರುವ ಆ ಯುವತಿ ಈ ಬರಹವನ್ನು ಮೊದಲು ಓದಿ, ಒಂದು ಪ್ಯಾರಾ ತೆಗೆಸಿ, ಒಪ್ಪಿಗೆ ಕೊಟ್ಟಿದ್ದಾಳೆ.

ಜೋರಾಪುರ ಪೇಟೆಯ ಸ್ಟುಡಿಯೋ ಒಂದರಲ್ಲಿ ಕೆಲಸ ಕಲಿತು ಪತ್ರಿಕೆಗೆ ಬಂದವನು ನಾನು. ಆಗ ರೀಲಿನ ಕಾಲ. ಒಂದು ಕಾರ್ಯಕ್ರಮಕ್ಕೆ ಎರಡು, ಹೆಚ್ಚೆಂದರೆ ಮೂರು ಫೋಟೋ. ಹಾಗಾಗಿ ಕ್ಲಿಕ್ ಮಾಡುವ ಮೊದಲು ಎಲ್ಲರನ್ನೂ ಸರಿಯಾಗಿ ನಿಲ್ಲಿಸಿಕೊಳ್ಳುವುದು ರೂಢಿ. ಈ ರೂಢಿ ಸಭೆ ಸಮಾರಂಭಗಳಿಗೆ ಸರಿ, ವಾರ್ಡಿಗೆ ಸರಿಯಲ್ಲ ಎಂಬುದು ಒಂದು ಬಾಳೆಹಣ್ಣಿನಿಂದ ಗೊತ್ತಾಯಿತು.

ನಮ್ಮ ಕಡೆ ಮುಖಂಡರ ಹುಟ್ಟುಹಬ್ಬ ಬಂದರೆ ಅಭಿಮಾನಿಗಳು ಆಸ್ಪತ್ರೆಗೆ ಹೋಗಿ ಒಳರೋಗಿಗಳಿಗೆ ಹಣ್ಣು, ಬ್ರೆಡ್ಡು ಹಂಚುತ್ತಾರೆ. ಒಂದು ಹಣ್ಣಿಗೆ ಹತ್ತು ಕೈ ಇರುತ್ತದೆ, ಹತ್ತೂ ಜನ ಕ್ಯಾಮೆರಾ ಕಡೆ ನೋಡುತ್ತಾರೆ. ಅಂಥ ಒಂದು ಬೆಳಿಗ್ಗೆ ಇದೇ ಟ್ರಸ್ಟ್ ಆಸ್ಪತ್ರೆಯಲ್ಲಿ ಅರಕೇರಿಯ ಅಜ್ಜನೊಬ್ಬನ ಮಂಚದ ಸುತ್ತ ಜನ ನಿಂತಿದ್ದರು. ಅಜ್ಜ ಹಣ್ಣನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕುಳಿತಿದ್ದ. ಚಿತ್ರಕ್ಕೆ ಜೀವ ಬರಲಿ ಎಂದು ನಾನೇ ಹೇಳಿದೆ: "ಅಜ್ಜಾರ, ಒಂದು ತುತ್ತು ತಿನ್ರಿ, ಫೋಟೋ ಛಲೋ ಬರತೈತಿ."

ಅಜ್ಜ ತಿಂದ. ಒಂದಲ್ಲ, ಎರಡು ಹಣ್ಣು. ಫೋಟೋ ಚೆನ್ನಾಗಿಯೇ ಬಂತು. ಅಷ್ಟರಲ್ಲಿ ಹಿರಿಯ ನರ್ಸ್ ಕಸ್ತೂರಿಬಾಯಿ ಬಂದರು. ಅಜ್ಜನಿಗೆ ಹತ್ತೂವರೆಗೆ ಹರ್ನಿಯಾ ಆಪರೇಷನ್ ಇತ್ತು, ಹಿಂದಿನ ದಿನದಿಂದ ಉಪವಾಸ ಇಟ್ಟಿದ್ದರು. ಆಪರೇಷನ್ ಮುಂದಕ್ಕೆ ಹೋಯಿತು. ಅಭಿಮಾನಿಗಳು ಮುಂದಿನ ವಾರ್ಡಿಗೆ ಹೋಗಿದ್ದರಿಂದ ಬೈಗುಳವೆಲ್ಲ ನನ್ನ ಪಾಲಿಗೆ ಬಂತು. ನನ್ನ ಪರವಾಗಿ ಮಾತಾಡಿದವನು ಅಜ್ಜ ಒಬ್ಬನೇ.

"ಇರ್ಲಿ ಬಿಡ್ರಿ ಬಾಯಾರ. ನಿನ್ನಿಯಿಂದ ಹಸದಿದ್ನಿ. ಹಣ್ಣು ಛಲೋ ಇದ್ವು."

ಅಂದಿನಿಂದ ಕಸ್ತೂರಿಬಾಯಿ ನನ್ನನ್ನು ಕಂಡಾಗಲೆಲ್ಲ ಎರಡೇ ಪದ ಹೇಳುತ್ತಿದ್ದರು: "ಕೇಳಿ ತಗೀರಿ." ಮೊದಲು ನರ್ಸುಗಳ ಮೇಜಿನ ಹತ್ತಿರ ಹೋಗಿ ಕೇಳಬೇಕು, ಆಮೇಲೆ ರೋಗಿಯನ್ನು ಕೇಳಬೇಕು, ಬೇಡ ಎಂದರೆ ಕ್ಯಾಮೆರಾ ಚೀಲಕ್ಕೆ ಹಾಕಬೇಕು. ವರ್ಷಗಟ್ಟಲೆ ಇದನ್ನು ಪಾಲಿಸಿದೆ, ಅಥವಾ ಪಾಲಿಸುತ್ತಿದ್ದೇನೆ ಎಂದುಕೊಂಡಿದ್ದೆ.

2016ರ ಆ ಬುಧವಾರದ ಹಿಂದಿನ ದಿನ, ಮಂಗಳವಾರ, ಟಿಕೋಟಾ ಕಡೆಯ ಒಂದು ತೋಟದ ವಸ್ತಿಯಲ್ಲಿ ಬಸುರಿ ಹೆಣ್ಣುಮಗಳೊಬ್ಬಳ ಕುಬಸದ, ಅಂದರೆ ಸೀಮಂತದ, ಊಟವಿತ್ತು. ಬಿಸಿಲಿಗೆ ಬಾಸುಂದಿ ಕೆಟ್ಟಿತ್ತು. ಸಂಜೆಯೊಳಗೆ ಮೂವತ್ತಕ್ಕೂ ಹೆಚ್ಚು ಜನ ವಾಂತಿ ಭೇದಿಯಿಂದ ಆಸ್ಪತ್ರೆಗೆ ಬಂದರು. ಜನರಲ್ ವಾರ್ಡು ತುಂಬಿತು. ಉಳಿದವರನ್ನು ಪಡಸಾಲೆಯ ಕೊನೆಯ ಕೋಣೆಗೆ ಹಾಕಿದರು. ಅದು ಹಿಂದೆ ಕ್ಷಯರೋಗಿಗಳ ವಾರ್ಡ್ ಆಗಿತ್ತು. ಆ ವಿಭಾಗ ಬೇರೆ ಕಟ್ಟಡಕ್ಕೆ ಹೋಗಿ ಬಹಳ ದಿನವಾಗಿತ್ತು, ಕೋಣೆಯಲ್ಲಿ ಹೆಚ್ಚುವರಿ ಮಂಚಗಳನ್ನು ಇಟ್ಟಿದ್ದರು.

ಆ ಕೋಣೆಯ ಕಿಟಕಿಯಿಂದ ಇಳಿಬಿಸಿಲು ಸಲೈನ್ ಬಾಟಲಿಯ ಮೇಲೆ ಬಿದ್ದಿತ್ತು. ಅದರ ಕೆಳಗಿನ ಮಂಚದಲ್ಲಿ ಶೈಲಾ ಮಲಗಿದ್ದಳು. ಕಸ್ತೂರಿಬಾಯಿ ಒಂದು ಮಂಚದಿಂದ ಇನ್ನೊಂದಕ್ಕೆ ಓಡುತ್ತಲೇ "ಕೇಳಿ ತಗೀರಿ" ಎಂದರು. ಶೈಲಾಳ ತಂದೆ ಸಂಗಪ್ಪ ಮಂಚದ ಪಕ್ಕದಲ್ಲೇ ನಿಂತಿದ್ದರು. ಅವರನ್ನು ಕೇಳಿದೆ.

"ತಕ್ಕೋರಿ ತಕ್ಕೋರಿ," ಎಂದರು ಸಂಗಪ್ಪ. "ಪೇಪರಿನ್ಯಾಗ ಬಂದ್ರ ಇಲಾಖಿ ಸಾಹೇಬ್ರು ಲಗೂನ ಬರ್ತಾರ."

ತೆಗೆದೆ. ಪುಟ ಕಟ್ಟುವವನು ಫೋನಿನಲ್ಲಿ, "ಮ್ಯಾಲಿನ ಗೋಡಿ ಕತ್ತರಿಸ್ಲೇನ್ರಿ, ಜಾಗಾ ಉಳಿತೈತಿ," ಎಂದು ಕೇಳಿದ. ನನ್ನ ಚಿತ್ರಕ್ಕೆ ಕತ್ತರಿ ಹಾಕುವುದು ನನಗೆ ಆಗುತ್ತಿರಲಿಲ್ಲ. ಕತ್ತರಿಸಿದರೆ ಬೆಳಕು ಸಾಯುತ್ತದೆ, ಇದ್ದ ಹಾಗೇ ಹೋಗಬೇಕು ಎಂದು ಹಟ ಹಿಡಿದೆ. ಇದ್ದ ಹಾಗೇ ಹೋಯಿತು. ಕಿಟಕಿಯ ಮೇಲೆ ಗೋಡೆಗೆ ನೀಲಿ ಬಣ್ಣದಲ್ಲಿ ಬರೆದಿದ್ದ ಎರಡು ಪದವೂ ಜೊತೆಗೆ ಹೋದವು: ಕ್ಷಯರೋಗ ವಿಭಾಗ. ಎಷ್ಟೋ ವರ್ಷದಿಂದ ನಾನು ಆ ಅಕ್ಷರಗಳನ್ನು ನೋಡುತ್ತಲೇ ಇದ್ದೆ. ಅಂದು ಓದಿರಲಿಲ್ಲ.

ಚಿತ್ರದ ಕೆಳಗೆ ಊಟದ ವಿಷಯ ಸ್ಪಷ್ಟವಾಗಿಯೇ ಇತ್ತು. ಆದರೆ ಜನ ಚಿತ್ರವನ್ನಷ್ಟೇ ಕತ್ತರಿಸಿ ಮೊಬೈಲಿನಲ್ಲಿ ಒಬ್ಬರಿಂದ ಒಬ್ಬರಿಗೆ ಕಳಿಸಿದರು. ಬೆಳಿಗ್ಗೆ ಟಿಕೋಟಾದಲ್ಲಿದ್ದದ್ದು ಮಧ್ಯಾಹ್ನ ಬಬಲೇಶ್ವರಕ್ಕೆ ಹೋಯಿತು. ಬಬಲೇಶ್ವರದಲ್ಲಿ ಸಂಗಪ್ಪನವರಿಗೆ ಬೀಗರಾಗುವವರ ಬೀಜ, ಗೊಬ್ಬರದ ಅಂಗಡಿ ಇತ್ತು.

ಶನಿವಾರ ಬೆಳಿಗ್ಗೆ ಸಂಗಪ್ಪ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಹಿಡಿದುಕೊಂಡು ನಮ್ಮ ಕಚೇರಿಗೆ ಬಂದರು. ಕೂಗಾಡಲಿಲ್ಲ. ಅದನ್ನು ಮೇಜಿನ ಮೇಲೆ ಬಿಡಿಸಿ, ಕಿಟಕಿಯ ಮೇಲೆ ಬೆರಳಿಟ್ಟರು.

"ಇದನ್ನ ಓದ್ರಿ."

ಓದಿದೆ.

"ಊಟದ್ದು ಬರೇ ನೆವ, ದವಾಖಾನಿಗೆ ಹೋದಾಗ ದೊಡ್ಡ ರೋಗ ಸಿಕ್ಕೈತಿ, ಅದಕ್ಕ ಆ ಖೋಲಿಗೆ ಹಾಕ್ಯಾರ ಅಂತ ಬೀಗರು ಅನ್ನಾಕತ್ತಾರ. ಮುಂದಿನ ತಿಂಗಳು ಮದುವಿ ಐತ್ರಿ. ಲಗ್ನ ಪತ್ರಿಕಿ ಅಚ್ಚಿಗೆ ಕೊಡಬ್ಯಾಡ್ರಿ, ತಡೀರಿ ಅಂತ ಹೇಳಿ ಕಳಿಸ್ಯಾರ. ನಾನ ತಕ್ಕೋರಿ ಅಂದ್ನಿ ನಿಮಗ. ಈಗ ಮಗಳ ಮುಂದ ಹೆಂಗ ನಿಂದರ್ಲಿ?"

ಬ್ಯೂರೋ ಮುಖ್ಯಸ್ಥ ಕುಲಕರ್ಣಿ ಸರ್ ಮಿತಭಾಷಿ. ತಪ್ಪಾದ ದಿನ ಇನ್ನೂ ಕಡಿಮೆ ಮಾತಾಡುತ್ತಿದ್ದರು. ನಾನು ಆಗಲೇ ತಿದ್ದುಪಡಿ ಬರೆದುಬಿಟ್ಟಿದ್ದೆ: ಚಿತ್ರದಲ್ಲಿರುವ ಯುವತಿಗೆ ಕ್ಷಯರೋಗವಿಲ್ಲ, ಗೋಡೆಯ ಬರಹ ಹಳೆಯದು. ಅವರು ಓದಿ, ಕಾಗದ ನನಗೇ ವಾಪಸು ಕೊಟ್ಟರು.

"ಇದನ್ನ ಹಾಕಬೇಕೋ ಬ್ಯಾಡೋ, ಆಕಿನ್ನ ಕೇಳಿದಿ ಏನು?"

"ಇಲ್ಲ ಸರ್."

"ಫೋಟೋಕ್ಕ?"

"ಅವರಪ್ಪನ್ನ ಕೇಳಿದ್ದೆ."

ಕುಲಕರ್ಣಿ ಸರ್ ಪೆನ್ನಿಗೆ ಕ್ಯಾಪ್ ಹಾಕಿ ಮೇಜಿನ ಮೇಲಿಟ್ಟರು. ಅಷ್ಟೇ.

ನಾನು ಮೊದಲು ಆಸ್ಪತ್ರೆಗೆ ಹೋದೆ. ಶೈಲಾಗೆ ಆ ರೋಗವಿಲ್ಲ ಎಂದು ಡಾಕ್ಟರಿಂದ ಒಂದು ಚೀಟಿ ಬರೆಸಿಕೊಂಡು ಬೀಗರಿಗೆ ತೋರಿಸಿದರೆ ಮುಗಿಯಿತು ಎಂಬುದು ನನ್ನ ಲೆಕ್ಕಾಚಾರ. ಕಸ್ತೂರಿಬಾಯಿ ಪೂರ್ತಿ ಕೇಳಿಸಿಕೊಂಡರು.

"ಕೇಳಿ ತಗೀರಿ ಅಂದಿದ್ನೋ ಇಲ್ಲೋ?"

"ಕೇಳಿದ್ನೆಲ್ರಿ, ಅವರಪ್ಪನ್ನ."

"ಬಾಟ್ಲಿ ಹಚ್ಚಿದ್ದು ಅವರಪ್ಪಗೇನ್ರಿ?"

ಚೀಟಿ ಸಿಗಲಿಲ್ಲ. ರೋಗಿಯ ಕಾಗದ ರೋಗಿಗೆ ಮಾತ್ರ, ಪೇಪರಿನವರಿಗೂ ಇಲ್ಲ, ಬೀಗರಿಗೂ ಇಲ್ಲ ಎಂದರು. "ನಿಮ್ಮ ತಪ್ಪು ತಿದ್ದಾಕ ನಾವೊಂದು ತಪ್ಪು ಮಾಡಬೇಕೇನು?"

ಭಾನುವಾರ ಟಿಕೋಟಾಕ್ಕೆ, ಸಂಗಪ್ಪನವರ ತೋಟಕ್ಕೆ ಹೋದೆ. ಒಣದ್ರಾಕ್ಷಿಯ ಹಂಗಾಮು. ಶೆಡ್ಡಿನ ನೆರಳಲ್ಲಿ ನಾಲ್ಕೈದು ಹೆಣ್ಣುಮಕ್ಕಳು ದ್ರಾಕ್ಷಿಯಿಂದ ಕಡ್ಡಿ ಆರಿಸುತ್ತಿದ್ದರು. ಶೈಲಾ ಅವರ ನಡುವೆ ಕುಳಿತಿದ್ದಳು, ಮುಖ ಇನ್ನೂ ಬಾಡಿತ್ತು.

"ಬರ್ರಿ ಕಾಕಾ. ಕ್ಯಾಮೆರಾ ತಂದೀರೇನು?"

"ಇಲ್ಲವ್ವಾ."

"ಹಂಗಾರ ಕೂಡ್ರಿ, ಚಾ ಕುಡೀರಿ."

ಉಳಿದವರು ನಕ್ಕರು. ನಾನು ತಪ್ಪು ಒಪ್ಪಿಕೊಂಡು, ಬರೆದುಕೊಂಡು ಹೋಗಿದ್ದ ತಿದ್ದುಪಡಿಯನ್ನು ಓದಿದೆ. ಶೈಲಾ ಕೈಯಲ್ಲಿದ್ದ ಕಡ್ಡಿ ಪಕ್ಕಕ್ಕೆ ಹಾಕಿ ಹೇಳಿದಳು:

"ಇದನ್ನ ಹಾಕಬ್ಯಾಡ್ರಿ. ಇವತ್ತು ಹತ್ತು ಮನಿಯವ್ರು ಮಾತಾಡಾಕತ್ತಾರ, ಇದು ಬಂದ್ರ ನೂರು ಮನಿಯವ್ರು ಮಾತಾಡ್ತಾರ. ಮತ್ತ ಆ ರೋಗ ಇದ್ದವ್ರು ಓದಿದ್ರ ಅವ್ರಿಗೆ ಹೆಂಗ ಅನಸ್ತೈತಿ? ನಮ್ಮ ಸಾಲಿ ಅಕ್ಕೋರಿಗೆ ಆಗಿತ್ತು. ಆರು ತಿಂಗಳು ಗುಳಿಗಿ ನುಂಗಿದ್ರು, ಆರಾಮಾದ್ರು. ಈಗೂ ಪಾಠ ಹೇಳ್ತಾರ. ಅದೇನು ಕಳ್ಳತನ ಏನ್ರಿ, ನಾ ಮಾಡಿಲ್ಲ ನಾ ಮಾಡಿಲ್ಲ ಅಂತ ಪೇಪರಿನ್ಯಾಗ ಹಾಕಾಕ?"

"ಮದುವಿ ನಿಂತ್ರ?"

"ನಿಲ್ಲಬಾರ್ದು ಕಾಕಾ. ಹುಡುಗ ಛಲೋ ಅದಾನ, ನನಗ ಮನಸೈತಿ. ಆದ್ರ ಅವ್ರ ಮನ್ಯಾಗ ಈ ಅಂಜಿಕಿ ಇಟ್ಕೊಂಡು ನನ್ನ ಕರ್ಕೊಂಡ್ರ, ನಾಳೆ ನಾ ಒಂದು ಸಲ ಕೆಮ್ಮಿದ್ರ ಎಲ್ಲಾರೂ ನನ್ನ ಮಾರಿ ನೋಡ್ತಾರ. ಅದು ಬ್ಯಾಡ." ಇನ್ನೊಂದು ಕಡ್ಡಿ ಆರಿಸಿ ತೆಗೆದು ಮುಂದುವರಿಸಿದಳು. "ಗುರುವಾರ ತೋರ್ಸಾಕ ದವಾಖಾನಿಗೆ ಬರೂದೈತಿ. ಅತ್ತಿನ್ನ ಅಲ್ಲಿಗೆ ಕರ್ಕೊಂಡು ಬರ್ರಿ. ಆ ಖೋಲಿ ತಾವ ನೋಡ್ಲಿ. ನಮ್ಮಪ್ಪ ಹೋದ್ರ ಜಗಳಾಗ್ತೈತಿ. ತಪ್ಪು ಮಾಡಿದವ್ರು ನೀವು, ನೀವ ಹೋಗ್ರಿ."

ಸೋಮವಾರ ಬಬಲೇಶ್ವರಕ್ಕೆ ಹೋದೆ. ಅಂಗಡಿಯನ್ನು ನಡೆಸುತ್ತಿದ್ದವರು ಹುಡುಗನ ತಾಯಿ ಶಾಂತಾಬಾಯಿ. ಹುಡುಗ ಈರಣ್ಣ ಒಳಗೆ ಚೀಲ ಸರಿಸುತ್ತಿದ್ದ, ನಡುನಡುವೆ ಕೆಮ್ಮುತ್ತಿದ್ದ. ನಾನು ಯಾರೆಂದು ಹೇಳಿದ ಕೂಡಲೇ ಶಾಂತಾಬಾಯಿ ತಕ್ಕಡಿ ಬಿಟ್ಟು ಎದ್ದರು.

"ಆ ಫೋಟೋ ತಗದಾಂವ ನೀನ ಏನಪಾ?"

"ಹೌದ್ರಿ."

"ಗೋಡಿ ಮ್ಯಾಲ ಬರದದ್ದು ಸುಳ್ಳ?"

"ಬರದದ್ದು ಹಳೇದು ಇತ್ರಿ. ಆ ಖೋಲಿಯೊಳಗ ಮಲಗಿದವ್ರೆಲ್ಲಾ ಕುಬಸದ ಊಟಕ್ಕ ಹೋದವ್ರು."

"ಹಂಗಂತ ನೀ ಹೇಳ್ತಿ. ಬ್ಯಾರೆ ಫೋಟೋ ಅದಾವೇನು? ಅವ್ರೆಲ್ಲಾ ಇದ್ದದ್ದು ತೋರ್ಸು."

ಇದ್ದವು. ಹೆಗಲ ಚೀಲದ ಲ್ಯಾಪ್‌ಟಾಪಿನಲ್ಲಿ ಆ ಕೋಣೆಯ ಹನ್ನೊಂದು ಚಿತ್ರಗಳಿದ್ದವು. ಒಂದರಲ್ಲಿ ನಾಲ್ಕೂ ಮಂಚ, ನಾಲ್ಕೂ ಮುಖ ಕಾಣುತ್ತಿದ್ದವು. ಅದೊಂದು ತೋರಿಸಿದರೆ ಅಲ್ಲೇ ತೀರುವ ಮಾತು. ಚೀಲದ ಜಿಪ್ಪಿಗೆ ಕೈ ಹೋಯಿತು ಎಂಬುದನ್ನು ಇಲ್ಲಿ ದಾಖಲಿಸಬೇಕು. ಉಳಿದ ಮೂವರನ್ನು ನಾನು ಕೇಳಿರಲಿಲ್ಲ. ಅವರ ಅಪ್ಪಂದಿರನ್ನೂ ಕೇಳಿರಲಿಲ್ಲ.

"ಅದಾವ್ರಿ. ತೋರ್ಸಾಕ ಬರೂದಿಲ್ಲ."

"ಊರಿಗೆಲ್ಲಾ ತೋರ್ಸಿ ನನಗ ತೋರ್ಸಾಕ ಬರೂದಿಲ್ಲೇನು? ಛಲೋ ಅದಿ ಬಿಡಪಾ."

"ಅದರಾಗ ಬ್ಯಾರೆಯವ್ರು ಮಲಗ್ಯಾರ್ರಿ. ಅವ್ರನ್ನ ಕೇಳಿಲ್ಲ ನಾನು."

ಗಿರಾಕಿಯೊಬ್ಬ ಮೆಕ್ಕೆಜೋಳದ ಬೀಜದ ಬೆಲೆ ಕೇಳಿದ. ಶಾಂತಾಬಾಯಿ ಅವನಿಗೆ ತಡೆ ಎಂದು ಕೈ ತೋರಿಸಿದರು.

"ಈ ಶಾಣ್ಯಾತನ ಅವತ್ತ ನನ್ನ ಸೊಸಿ ಫೋಟೋಕ್ಕ ಎಲ್ಲಿ ಹೋಗಿತ್ತು?" ಎಂದರು. ಸೊಸಿ ಎಂಬ ಮಾತು ಕೇಳಿ ಒಳಗೆ ಚೀಲ ಸರಿಸುವ ಸದ್ದು ನಿಂತಿತು. ಗುರುವಾರ ಆಸ್ಪತ್ರೆಗೆ ಬಂದು ಆ ಕೋಣೆ ತಾವೇ ನೋಡಬೇಕೆಂದು ಶೈಲಾ ಹೇಳಿ ಕಳಿಸಿದ್ದನ್ನು ಆಗ ತಿಳಿಸಿದೆ.

ಗುರುವಾರ ಹನ್ನೊಂದು ಗಂಟೆಗೆ ಈರಣ್ಣ ತಾಯಿಯನ್ನು ಬೈಕಿನ ಮೇಲೆ ಕರೆತಂದ. ಕಸ್ತೂರಿಬಾಯಿಗೆ ನಾನು ಮೊದಲೇ ತಿಳಿಸಿದ್ದೆ. ಕೋಣೆ ಖಾಲಿ ಇತ್ತು. ಮೆಟ್ಟಿಲು ಹತ್ತಿ ಬಂದ ಶಾಂತಾಬಾಯಿಗೆ ಏದುಸಿರು. ಕಸ್ತೂರಿಬಾಯಿ ಅವರನ್ನು ಕಿಟಕಿಯ ಕೆಳಗಿನ ಮಂಚದ ಮೇಲೆ ಕೂಡಿಸಿ ನೀರು ಕೊಟ್ಟರು. ನೀರು ಕುಡಿದು ಮುಗಿದ ಮೇಲೆ ಹೇಳಿದರು:

"ಒಂದೀಟು ಹಿಂದ ತಿರುಗಿ ಮ್ಯಾಲ ನೋಡ್ರಿ."

ಶಾಂತಾಬಾಯಿ ತಿರುಗಿ ನೋಡಿದರು. ಒಂದೊಂದೇ ಅಕ್ಷರ ಕೂಡಿಸಿ ಓದಿದರು.

"ಈಗ ಈ ಮಲ್ಲಣ್ಣ ನಿಮ್ಮದೊಂದು ಫೋಟೋ ಹೊಡದ್ರ, ನಾಳೆ ಬಬಲೇಶ್ವರದಾಗ ಏನಂತಾರ್ರಿ?" ಎಂದು ಕಸ್ತೂರಿಬಾಯಿ ನನ್ನ ಕಡೆ ಕೈ ತೋರಿಸಿದರು.

ಶಾಂತಾಬಾಯಿ ಸೆರಗು ಸರಿಮಾಡಿಕೊಂಡು ಮಂಚದಿಂದ ಎದ್ದರು. ಎರಡು ಹೆಜ್ಜೆ ಇಟ್ಟರು. ಬಾಗಿಲಲ್ಲಿ ನಿಂತಿದ್ದ ಶೈಲಾಳನ್ನು ನೋಡಿದರು. ಮತ್ತೆ ಹೋಗಿ ಅದೇ ಮಂಚದ ಮೇಲೆ ಕುಳಿತರು.

"ಶಾಂತಾಬಾಯಿ ಕತಿ ಮುಗೀತು ಅಂತಾರ," ಎಂದರು. "ಬಾ ಯವ್ವಾ, ಕೂಡ್ರು ಬಾ. ನಿಂತ ಇದ್ದಿಯಲ್ಲ."

ಶೈಲಾ ಕೂಡಲಿಲ್ಲ.

"ಅತ್ತಿ, ಒಂದು ಮಾತು. ನಾ ಕಫ ಪರೀಕ್ಷಾ ಮಾಡಿಸ್ತೇನಿ."

"ಬ್ಯಾಡ ತಗಿ. ನೋಡಿದ್ನೆಲ್ಲ ನಾ."

"ಮಾಡಿಸ್ತೇನಿ. ನಿಮ್ಮ ಮಗನೂ ಮಾಡಸ್ಲಿ. ನಾ ಬಂದಾಗಿಂದ ಹೊರಗ ಕೆಮ್ಮಾಕತ್ತಾರ."

"ಅಂವಾ ಗುಟ್ಕಾ ತಿಂದು ಕೆಮ್ಮತಾನಬೇ."

"ಅದನ್ನೂ ಡಾಕ್ಟರು ನೋಡ್ಲಿ."

ಶಾಂತಾಬಾಯಿ ಕಸ್ತೂರಿಬಾಯಿಯ ಕಡೆ ತಿರುಗಿದರು. "ಏನ್ರಿ ಬಾಯಾರ, ಇಬ್ಬರ ಕಾಗದಾನೂ ನನಗ ತೋರಸ್ತೀರೇನು?"

"ಯಾರ ಕಾಗದ ಅವ್ರ ಕೈಯಾಗ. ಅವ್ರು ಹೇಳಿದ್ರ ನಿಮಗ ತಿಳೀತೈತಿ."

ಪಡಸಾಲೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಈರಣ್ಣ ಅಂದು ಆಡಿದ್ದು ಒಂದೇ ಮಾತು: "ಎಲ್ಲಿ ಕೊಡಬೇಕ್ರಿ?"

ಇಬ್ಬರೂ ಕೆಳಗಿನ ಪ್ರಯೋಗಾಲಯಕ್ಕೆ ಹೋದರು. ಫಲಿತಾಂಶ ಏನು ಬಂತು ಎಂದು ನಾನು ಕೇಳಲಿಲ್ಲ, ನನಗೆ ಯಾರೂ ಹೇಳಲಿಲ್ಲ. ಶಾಂತಾಬಾಯಿ ಮಾತ್ರ ಹೊರಡುವಾಗ ಸಂಗಪ್ಪನವರಿಗೆ ಫೋನ್ ಮಾಡಿ ಲಗ್ನಪತ್ರಿಕೆ ಅಚ್ಚಿಗೆ ಕೊಡಲು ಹೇಳಿದರು. ಕಾಗದ ಬರುವವರೆಗೆ ಕಾಯಲಿಲ್ಲ.

ನಮ್ಮ ಪತ್ರಿಕೆಯಲ್ಲಿ ಎರಡು ಸಾಲು ಬಂತು. ಆಸ್ಪತ್ರೆಯ ಒಳರೋಗಿಯೊಬ್ಬರ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ಪ್ರಕಟಿಸಿದ್ದಕ್ಕೆ ವಿಷಾದಿಸುತ್ತೇವೆ ಎಂದಷ್ಟೇ. ರೋಗದ ಹೆಸರಿಲ್ಲ, ಊರಿನ ಹೆಸರಿಲ್ಲ. ಕುಲಕರ್ಣಿ ಸರ್ ಬರೆದರು, ಶೈಲಾ ಫೋನಿನಲ್ಲಿ ಕೇಳಿಸಿಕೊಂಡು ಒಪ್ಪಿದಳು. ಉಳಿದ ಚಿತ್ರಗಳನ್ನು ಅಳಿಸಿದೆ. ಆಸ್ಪತ್ರೆಯವರು ಮುಂದಿನ ವಾರ ಆ ಗೋಡೆಗೆ ಸುಣ್ಣ ಹೊಡೆಸಿದರು. ಮದುವೆ ಮೇ ತಿಂಗಳ ಕೊನೆಯಲ್ಲಿ ಆಯಿತು. ನನ್ನನ್ನೂ ಕರೆದಿದ್ದರು. ಫೋಟೋ ತೆಗೆಯಲು ಬೇರೆಯವರಿದ್ದರು.

ಆಮೇಲಿನ ಐದು ವರ್ಷ ನಾನು ವಾರ್ಡಿನಲ್ಲಿ ಕೆಲಸ ಮಾಡಿದ ರೀತಿ ಬೇರೆ. ಮಂಚದ ಮೇಲಿರುವವರು ಎಚ್ಚರಾಗುವವರೆಗೆ ಕಾಯುತ್ತಿದ್ದೆ. ಎಚ್ಚರಾಗದಿದ್ದರೆ ಚಿತ್ರವಿಲ್ಲ, ಸುದ್ದಿ ಮಾತ್ರ. ಬಟನ್ ಒತ್ತುವ ಮೊದಲು ಚೌಕಟ್ಟಿನ ನಾಲ್ಕು ಮೂಲೆಯನ್ನೂ ಓದುತ್ತಿದ್ದೆ: ಗೋಡೆಯ ಬರಹ, ಮಂಚಕ್ಕೆ ನೇತುಹಾಕಿದ ಕಾಗದ, ಪಕ್ಕದ ಮಂಚದ ಮುಖ, ಕನ್ನಡಿ ಇದ್ದರೆ ಕನ್ನಡಿಯೊಳಗಿನ ಮುಖ. ಬಹಳ ಸಲ ಕೈ ಸಾಕು, ಬೆನ್ನು ಸಾಕು, ಬಾಗಿಲ ಹೊರಗಿನ ಚಪ್ಪಲಿ ಸಾಕು. ಮಕ್ಕಳ ಮೇಲಿನ ಅಥವಾ ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯದ ಪ್ರಕರಣವಾದರೆ ಒಪ್ಪಿಗೆಯ ಪ್ರಶ್ನೆಯೇ ಇಲ್ಲ, ಗುರುತು ಸಿಗುವ ಏನನ್ನೂ ತೆಗೆಯಬಾರದು. ಅದು ಸೌಜನ್ಯವಲ್ಲ, ಕಾನೂನು. ಒಪ್ಪಿದವರೂ ಸಂಜೆ ಫೋನ್ ಮಾಡಿ ಬೇಡ ಎಂದರೆ ಬೇಡವೇ. ಇದರಿಂದ ನಾನು ಕೆಲವು ಒಳ್ಳೆಯ ಚಿತ್ರಗಳನ್ನು ಕಳೆದುಕೊಂಡೆ. ಅವು ಯಾವುವು ಎಂದು ಈಗ ನೆನಪಿಲ್ಲ.

ಅಷ್ಟರಲ್ಲಿ ಎಲ್ಲರ ಕೈಗೂ ಕ್ಯಾಮೆರಾ ಬಂದಿತ್ತು. ಅಪಘಾತದ ಗಾಯಾಳುವನ್ನು ತಂದರೆ ಸ್ಟ್ರೆಚರಿಗಿಂತ ಮೊದಲು ಮೊಬೈಲುಗಳು ಒಳಗೆ ಬರುತ್ತಿದ್ದವು. ಗೋಡೆಗೆ ಸೂಚನೆ ಅಂಟಿಸಿದರೆ ಅದರದ್ದೂ ಫೋಟೋ ತೆಗೆಯುತ್ತಿದ್ದರು. ಕಸ್ತೂರಿಬಾಯಿ ತಮ್ಮದೇ ಉಪಾಯ ಹುಡುಕಿದ್ದರು. ವಿಡಿಯೋ ಮಾಡುತ್ತ ನಿಂತವನ ಕೈಗೆ ಸಲೈನ್ ಬಾಟಲಿ ಕೊಟ್ಟು, "ಕೈ ಖಾಲಿ ಅದಾವಲ್ಲಪಾ, ಇದನ್ನ ಮ್ಯಾಲ ಎತ್ತಿ ಹಿಡಿ, ಇಳಿಸಬ್ಯಾಡ," ಎಂದು ಹೋಗಿಬಿಡುತ್ತಿದ್ದರು. ಎರಡು ನಿಮಿಷದಲ್ಲಿ ಮೊಬೈಲು ಜೇಬಿಗೆ ಹೋಗುತ್ತಿತ್ತು. ಒಮ್ಮೆ ಹಾಗೆ ಬಾಟಲಿ ಹಿಡಿದವನೊಬ್ಬ ಅರ್ಧ ತಾಸು ನಿಂತ. ಆಮೇಲೆ ಗಾಯಾಳುವಿನ ಮನೆಗೆ ತಾನೇ ಫೋನ್ ಮಾಡಿ ಸುದ್ದಿ ತಿಳಿಸಿದ. ಕಸ್ತೂರಿಬಾಯಿ ಅವನಿಗೆ ಚಹಾ ತರಿಸಿಕೊಟ್ಟಿದ್ದನ್ನು ನಾನು ನೋಡಿದ್ದೇನೆ.

ಕಳೆದ ಫೆಬ್ರುವರಿಯಲ್ಲಿ ಶೈಲಾಳ ಎರಡನೆಯ ಹೆರಿಗೆ ಅದೇ ಆಸ್ಪತ್ರೆಯಲ್ಲಿ ಆಯಿತು. ಹೆಣ್ಣು ಮಗು. ಸುದ್ದಿ ಅಂದೇ ಟಿಕೋಟಾ, ಬಬಲೇಶ್ವರ ಎರಡೂ ಕಡೆ ತಲುಪಿತು, ಫೋಟೋ ಬರಲಿಲ್ಲ. ಕೇಳಿದ ನೆಂಟರಿಗೆಲ್ಲ ಶಾಂತಾಬಾಯಿ ಫೋನಿನಲ್ಲಿ ಒಂದೇ ಉತ್ತರ ಕೊಟ್ಟರಂತೆ: "ಆಕಿ ಮಲಗ್ಯಾಳ. ಎದ್ದ ಮ್ಯಾಲ ಕೇಳ್ತೇನಿ." ಐದನೆಯ ದಿನ ಬಬಲೇಶ್ವರದ ಮನೆಯಿಂದ ನನ್ನ ಮೊಬೈಲಿಗೆ ಒಂದು ಚಿತ್ರ ಬಂತು. ಮಗುವಿನ ತಲೆಗೆ ಕುಂಚಿಗೆ ಹಾಕಿದ್ದಾರೆ, ಶಾಂತಾಬಾಯಿ ಎತ್ತಿಕೊಂಡಿದ್ದಾರೆ. ಕಳಿಸಿದವಳು ಶೈಲಾ.